ಮುಗಿದಾಗಲೂ ತಿಳಿಯಬೇಕು, ನಿಂತಾಗಲೂ ತಿಳಿಯಬೇಕು: ಎನ್‌ಟಿಎಫ್‌ವೈ ಸೂಚನಾ ಸೇವೆಯ ವಿಮರ್ಶೆ

ಗಂಟೆಗಟ್ಟಲೆ ಓಡುವ ಕಂಪ್ಯೂಟರ್ ಕೆಲಸ ಮುಗಿದ ಕೂಡಲೇ ಮೊಬೈಲಿಗೆ ಸೂಚನೆ ಕಳಿಸುವ ಸೇವೆಗಳು ಹಲವಾರಿವೆ. ಅವುಗಳಲ್ಲಿ ಎನ್‌ಟಿಎಫ್‌ವೈ ಎಂದು ಬರೆದು ‘ನೋಟಿಫೈ’ ಎಂದು ಓದುವ ಸೇವೆಯನ್ನು ದಾವಣಗೆರೆಯ ನಮ್ಮ ಚಿಕ್ಕ ಕಚೇರಿಯಲ್ಲಿ ಬಹಳ ಸಮಯದಿಂದ ಬಳಸುತ್ತಿದ್ದೇವೆ. ಡ್ರೋನ್ ತೆಗೆದ ಚಿತ್ರಗಳನ್ನು ಜೋಡಿಸಿ ಜಮೀನಿನ ನಕ್ಷೆ ತಯಾರಿಸಿಕೊಡುವುದು ನಮ್ಮ ಕಸುಬು. ಆ ಕಸುಬಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕಾಯುವುದೇ ದಿನದ ದೊಡ್ಡ ಪಾಲನ್ನು ತಿಂದುಹಾಕಬಲ್ಲದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆ ಉಚಿತವಾಗಿದೆ, ಸರಳವಾಗಿದೆ, ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಇದೊಂದನ್ನೇ ನೆಚ್ಚಿಕೊಂಡವರಿಗೆ ಅರ್ಧ ಸುದ್ದಿ ಮಾತ್ರ ತಲುಪುತ್ತದೆ, ಉಳಿದರ್ಧಕ್ಕೆ ಬೇರೊಂದು ಏರ್ಪಾಡು ಬೇಕಾಗುತ್ತದೆ. ಈ ಎರಡೂ ಮಾತುಗಳಿಗೆ ಕಾರಣ ಕೊಡುವುದು ಈ ಬರಹದ ಉದ್ದೇಶ.

ಕೆಲಸದ ಸ್ವರೂಪ ತಿಳಿಯದೆ ಸೂಚನೆಯ ಬೆಲೆ ತಿಳಿಯುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ. ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟಗಳು, ಜಗಳೂರು ಭಾಗದ ಮೆಕ್ಕೆಜೋಳದ ಹೊಲಗಳು, ಹರಿಹರದ ಸುತ್ತಿನ ಭದ್ರಾ ಅಚ್ಚುಕಟ್ಟಿನ ಗದ್ದೆಗಳು, ಹೀಗೆ ಎಲ್ಲಿಯದೇ ಆದರೂ, ಒಂದರ ಮೇಲೊಂದು ಸಾಕಷ್ಟು ಹೊದ್ದುಕೊಳ್ಳುವಂತೆ ತೆಗೆದ ನೂರಾರು ಚಿತ್ರಗಳು ನಮ್ಮ ಕೈಗೆ ಬರುತ್ತವೆ. ಅವುಗಳನ್ನು ಓಪನ್‌ಡ್ರೋನ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶಕ್ಕೆ ಕೊಡುತ್ತೇವೆ. ಅದು ಪ್ರತಿ ಚಿತ್ರದಲ್ಲಿ ಗುರುತಿಗೆ ಸಿಗುವ ಬಿಂದುಗಳನ್ನು ಹುಡುಕುತ್ತದೆ, ಅವುಗಳನ್ನು ಅಕ್ಕಪಕ್ಕದ ಚಿತ್ರಗಳ ಬಿಂದುಗಳೊಂದಿಗೆ ತಾಳೆ ನೋಡುತ್ತದೆ, ಕ್ಯಾಮೆರಾ ಎಲ್ಲೆಲ್ಲಿ ಇತ್ತೆಂದು ಲೆಕ್ಕ ಹಾಕುತ್ತದೆ, ನಂತರ ದಟ್ಟವಾದ ಬಿಂದುಮೋಡವನ್ನೂ (ನೆಲದ ಆಕಾರವನ್ನು ತೋರಿಸುವ ಅಸಂಖ್ಯ ಬಿಂದುಗಳ ಸಮೂಹ) ಮೇಲ್ಮೈಯನ್ನೂ ಕಟ್ಟಿ ಕೊನೆಗೆ ಎತ್ತರದ ಮಾದರಿಯನ್ನೂ ನೇರ ಮೇಲಿನಿಂದ ನೋಡಿದಂತಿರುವ ಅಖಂಡ ಚಿತ್ರವನ್ನೂ ಹೊರಹಾಕುತ್ತದೆ. ಅಡಿಕೆ ತೋಟವೆಂದರೆ ಈ ತಂತ್ರಾಂಶಕ್ಕೆ ಕಠಿಣ ಪರೀಕ್ಷೆ. ಒಂದನ್ನೊಂದು ಹೋಲುವ ಸಾವಿರಾರು ಸೋಗೆಗಳು ಗಾಳಿಗೆ ಅಲುಗಾಡುತ್ತಿರುವುದರಿಂದ ಎರಡು ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸುವುದು ಕಷ್ಟವಾಗುತ್ತದೆ, ಹೆಚ್ಚು ಬಿಂದುಗಳನ್ನು ಹುಡುಕುವಂತೆ ಹೇಳಬೇಕಾಗುತ್ತದೆ, ಅದರೊಂದಿಗೆ ಸಮಯವೂ ಕಂಪ್ಯೂಟರಿನ ಸ್ಮೃತಿಯ, ಅಂದರೆ ರ್‍ಯಾಮ್‌ನ, ಬಳಕೆಯೂ ಏರುತ್ತವೆ. ಸುಮಾರು 250 ಚಿತ್ರಗಳಿಗೆ 16 ಜಿಬಿ, 500 ಚಿತ್ರಗಳಿಗೆ 32 ಜಿಬಿ ಸ್ಮೃತಿ ಬೇಕೆಂದು ಆ ತಂತ್ರಾಂಶದ ಕೈಪಿಡಿಯೇ ಅಂದಾಜು ಕೊಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕೆಲಸ ಅರ್ಧದಲ್ಲಿ ನಿಂತುಹೋಗುವ ಸಂಭವ ಹೆಚ್ಚು.

ಹೀಗೆ ನಿಂತದ್ದು ಯಾವಾಗ ತಿಳಿಯುತ್ತದೆ ಎಂಬುದರ ಮೇಲೆ ನಮ್ಮ ದಿನ ನಿಂತಿದೆ. ರಾತ್ರಿ ಹಚ್ಚಿಟ್ಟ ಕೆಲಸ ಮಲಗುವ ಮೊದಲೇ ಬಿದ್ದುಹೋಗಿದ್ದು, ಅದು ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗ ತಿಳಿದರೆ ಇಡೀ ರಾತ್ರಿ ವ್ಯರ್ಥ. ಬಿದ್ದ ಗಳಿಗೆಯಲ್ಲೇ ತಿಳಿದರೆ ಮನೆಯಿಂದಲೇ ದೂರಸಂಪರ್ಕದ ಮೂಲಕ ಒಳಹೊಕ್ಕು, ಕೆಲಸ ಯಾವ ಹಂತದಲ್ಲಿ ನಿಂತಿತೋ ಅಲ್ಲಿಂದಲೇ ಮುಂದುವರಿಸಬಹುದು. ಆ ಸೌಲಭ್ಯ ಓಪನ್‌ಡ್ರೋನ್‌ಮ್ಯಾಪ್‌ನಲ್ಲಿದೆ. ‘ನಕ್ಷೆ ಯಾವಾಗ ಕೊಡ್ತೀರಿ ಸರ್?’ ಎಂದು ತೋಟದ ಯಜಮಾನರು ಫೋನ್ ಮಾಡಿದಾಗ ಖಚಿತವಾದ ಉತ್ತರ ಕೊಡಲು ಸಾಧ್ಯವಾಗುವುದೂ ಆಗಲೇ.

ಇನ್ನು ಸೇವೆಯ ವಿಚಾರ. ಎನ್‌ಟಿಎಫ್‌ವೈಯನ್ನು ರೂಪಿಸಿದವರು ಫಿಲಿಪ್ ಹೆಕೆಲ್ ಎಂಬ ತಂತ್ರಜ್ಞರು. ಗೋ ಭಾಷೆಯಲ್ಲಿ ಬರೆದ ಇದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಅಪಾಚೆ 2.0 ಮತ್ತು ಜಿಪಿಎಲ್ 2 ಎಂಬ ಎರಡು ಪರವಾನಗಿಗಳಲ್ಲಿ ದೊರೆಯುತ್ತದೆ. ಬಳಕೆಯ ಕ್ರಮ ಇಷ್ಟೇ: ನೀವು ಒಂದು ‘ಟಾಪಿಕ್’ ಹೆಸರನ್ನು ಆರಿಸಿಕೊಳ್ಳುತ್ತೀರಿ, ಮೊಬೈಲಿನ ಆ್ಯಪ್‌ನಲ್ಲಿ ಆ ಹೆಸರಿಗೆ ಚಂದಾದಾರರಾಗುತ್ತೀರಿ, ಕಂಪ್ಯೂಟರಿನಿಂದ ಆ ಹೆಸರಿನ ವಿಳಾಸಕ್ಕೆ ಕರ್ಲ್ ಆಜ್ಞೆಯ ಮೂಲಕ ಒಂದು ಸಾಲನ್ನು ಕಳಿಸುತ್ತೀರಿ. ಆ ಸಾಲು ಕ್ಷಣಮಾತ್ರದಲ್ಲಿ ಮೊಬೈಲಿನಲ್ಲಿ ಮೂಡುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಇಮೇಲ್ ವಿಳಾಸ ಕೊಡಬೇಕಾಗಿಲ್ಲ, ಕೀಲಿ ಪಡೆಯಬೇಕಾಗಿಲ್ಲ. ಜಾಲದ ವಿಳಾಸಗಳಿಗೆ ಮಾಹಿತಿ ಕಳಿಸುವ ಈ ಕರ್ಲ್ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ವಿಂಡೋಸ್ 10ರಲ್ಲಿಯೂ 2018ರ ಆವೃತ್ತಿಯಿಂದ ಜೊತೆಗೇ ಬರುತ್ತಿದೆ. ಹಾಗಾಗಿ ಹೊಸದಾಗಿ ಏನನ್ನೂ ಸ್ಥಾಪಿಸದೆ ಕೆಲಸ ಆರಂಭಿಸಬಹುದು. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗರಿಗೆ ಇದನ್ನು ತೋರಿಸಿದಾಗ, ಅವರು ತಮ್ಮ ಪ್ರಾಜೆಕ್ಟಿನ ಕೃತಕ ಬುದ್ಧಿಮತ್ತೆಯ ಮಾದರಿಗೆ ತರಬೇತಿ ಕೊಡುವ ಕೆಲಸಕ್ಕೆ ಇದನ್ನು ಅಲ್ಲಿಯೇ ಕುಳಿತು ಜೋಡಿಸಿಕೊಂಡದ್ದನ್ನು ನೋಡಿದ್ದೇನೆ. ಕಲಿಯುವ ಹೊರೆ ಅಷ್ಟು ಹಗುರ.

ಜಗಳೂರಿನ ಹೊಲಗಳಲ್ಲಿ ಓಡಾಡುವಾಗ ಮೊಬೈಲ್ ಸಂಪರ್ಕ ಕೈಕೊಡುವುದುಂಟು. ಅಂಥ ವೇಳೆಯಲ್ಲಿ ಬಂದ ಸೂಚನೆ ಕಳೆದುಹೋಗುವುದಿಲ್ಲ. ಸರ್ವರ್ ಪ್ರತಿ ಸಂದೇಶವನ್ನು ಸಾಮಾನ್ಯವಾಗಿ 12 ಗಂಟೆಗಳ ಕಾಲ ಇಟ್ಟುಕೊಂಡಿರುತ್ತದೆ. ಸಂಪರ್ಕ ಮರಳಿದಾಗ ಮೊಬೈಲ್ ಅದನ್ನು ತರಿಸಿಕೊಳ್ಳುತ್ತದೆ.

ಸೂಚನೆ ಕಳಿಸುವುದು ಸುಲಭ ಎಂದ ಮಾತ್ರಕ್ಕೆ ಸರಿಯಾದ ಸೂಚನೆ ಕಳಿಸುವುದು ಸುಲಭ ಎಂದಾಗುವುದಿಲ್ಲ, ಮತ್ತು ಈ ವಿಷಯದಲ್ಲಿ ಹೆಚ್ಚಿನ ಬರಹಗಳು ಅವಸರದಲ್ಲಿ ಮುಂದೆ ಸಾಗಿಬಿಡುತ್ತವೆ. ಲಿನಕ್ಸ್‌ನಲ್ಲಿ ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಅದು ಸೊನ್ನೆಯಾಗಿದ್ದರೆ ಕೆಲಸ ಸರಿಯಾಗಿ ಮುಗಿದಿದೆ ಎಂದರ್ಥ, ಬೇರೆ ಯಾವುದೇ ಸಂಖ್ಯೆಯಾಗಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಮುಖ್ಯ ಕೆಲಸದ ಆಜ್ಞೆಯನ್ನೂ ಸೂಚನೆಯ ಆಜ್ಞೆಯನ್ನೂ ಅರ್ಧವಿರಾಮ ಚಿಹ್ನೆಯಿಂದ ಜೋಡಿಸಿದರೆ, ಕೆಲಸ ಗೆದ್ದರೂ ಸೋತರೂ ‘ಮುಗಿಯಿತು’ ಎಂಬ ಒಂದೇ ಸಂದೇಶ ಬರುತ್ತದೆ. ಎರಡು ಆಂಪರ್ಸೆಂಡ್ (&&) ಚಿಹ್ನೆಗಳಿಂದ ಜೋಡಿಸಿದರೆ ಗೆದ್ದಾಗ ಮಾತ್ರ ಸಂದೇಶ ಬರುತ್ತದೆ, ಸೋತಾಗ ಯಂತ್ರ ಸುಮ್ಮನಿರುತ್ತದೆ, ಕಾಯುತ್ತಿರುವವರು ಇನ್ನೂ ನಡೆಯುತ್ತಿದೆಯೆಂದು ನಂಬಿಕೊಂಡು ಕಾಯುತ್ತಲೇ ಇರುತ್ತಾರೆ. ಇವೆರಡರಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ. ಆದ್ದರಿಂದ ನಮ್ಮಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ, ಇದೆ: ಅದು ಮುಖ್ಯ ಕೆಲಸವನ್ನು ನಡೆಸಿ, ಕೊನೆಯ ಸಂಖ್ಯೆಯನ್ನು ನೋಡಿ, ಸೊನ್ನೆಯಾದರೆ ಒಂದು ಬಗೆಯ ಸಂದೇಶವನ್ನೂ ಇಲ್ಲದಿದ್ದರೆ ಆ ಸಂಖ್ಯೆಯನ್ನು ಸೇರಿಸಿ ಇನ್ನೊಂದು ಬಗೆಯ ಸಂದೇಶವನ್ನೂ ಕಳಿಸುತ್ತದೆ. ಸಂಖ್ಯೆ ಸೇರಿಸುವುದು ಅಲಂಕಾರಕ್ಕಲ್ಲ. 137 ಬಂದರೆ ಯಾರೋ ಆ ಕೆಲಸವನ್ನು ಬಲವಂತವಾಗಿ ಕೊಂದಿದ್ದಾರೆಂದು ತಿಳಿಯಬೇಕು, ಅದು 128ಕ್ಕೆ, ಕೆಲಸವನ್ನು ಕೊಲ್ಲುವ ಒಂಬತ್ತನೆಯ ಸಂಕೇತದ (ಸಿಗ್ನಲ್) ಸಂಖ್ಯೆಯನ್ನು ಕೂಡಿಸಿದ ಮೊತ್ತ. ದೊಡ್ಡ ನಕ್ಷೆಗಳ ಮಟ್ಟಿಗೆ ಸ್ಮೃತಿ ಸಾಲದೆ ಲಿನಕ್ಸಿನ ತಿರುಳಾದ ಕರ್ನಲ್ಲೇ ಕೊಂದಿರುವ ಸಾಧ್ಯತೆ ಹೆಚ್ಚು. 127 ಬಂದರೆ ಆಜ್ಞೆಯೇ ಸಿಗಲಿಲ್ಲ, ಬಹುಶಃ ಹೆಸರು ತಪ್ಪಾಗಿದೆ. ಹೀಗೆ ಮೊಬೈಲಿನಲ್ಲಿ ಮೂಡಿದ ಮೂರು ಅಂಕಿಗಳಿಂದಲೇ, ಚಿತ್ರಗಳನ್ನು ಭಾಗಗಳಾಗಿ ಒಡೆದು ಓಡಿಸಬೇಕೋ ಅಥವಾ ಆಜ್ಞೆಯನ್ನು ತಿದ್ದಬೇಕೋ ಎಂಬುದು ಕಚೇರಿಗೆ ಬರುವ ಮೊದಲೇ ನಿರ್ಧಾರವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸದ ವಿವರಗಳನ್ನು ಪರದೆಯ ಮೇಲೂ ಕಡತದಲ್ಲೂ ಏಕಕಾಲದಲ್ಲಿ ಕಾಣಲು ಹಲವರು ಆಜ್ಞೆಯ ಹೊರಹರಿವನ್ನು ‘ಟೀ’ ಎಂಬ ಸಾಧನಕ್ಕೆ ಕೊಳವೆಯ ಮೂಲಕ ಹರಿಸುತ್ತಾರೆ. ಆಗ ಕೊನೆಯ ಸಂಖ್ಯೆ ‘ಟೀ’ಯದಾಗಿರುತ್ತದೆಯೇ ಹೊರತು ಮುಖ್ಯ ಕೆಲಸದ್ದಲ್ಲ, ಟೀ ಸಾಮಾನ್ಯವಾಗಿ ಸೋಲುವುದಿಲ್ಲವಾದ್ದರಿಂದ ಸೋತ ಕೆಲಸವೂ ಗೆದ್ದಂತೆ ಸೂಚನೆ ಬರುತ್ತದೆ. ಲಿನಕ್ಸಿನಲ್ಲಿ ನಮ್ಮ ಆಜ್ಞೆಗಳನ್ನು ನಡೆಸುವ ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನು ಮೊದಲೇ ಹಾಕಿಕೊಂಡರೆ ಈ ತೊಡಕು ನಿವಾರಣೆಯಾಗುತ್ತದೆ. ಎನ್‌ಟಿಎಫ್‌ವೈ ತನ್ನದೇ ಆದ ಒಂದು ಆಜ್ಞಾಸಾಧನವನ್ನೂ ಕೊಡುತ್ತದೆ. ಅದರಲ್ಲಿ ‘ವೇಟ್ ಸಿಎಂಡಿ’ ಎಂಬ ಆಯ್ಕೆ ಹಾಕಿ ನಮ್ಮ ಆಜ್ಞೆಯನ್ನು ಒಪ್ಪಿಸಿದರೆ, ಅದು ಎಷ್ಟು ಹೊತ್ತಿನಲ್ಲಿ ಮುಗಿಯಿತು, ಗೆದ್ದಿತೋ ಸೋತಿತೋ ಎಂಬುದನ್ನು ತಾನೇ ಬರೆದು ಕಳಿಸುತ್ತದೆ. ‘ವೇಟ್ ಪಿಐಡಿ’ ಎಂಬ ಇನ್ನೊಂದು ಆಯ್ಕೆ, ಈಗಾಗಲೇ ಆರಂಭಿಸಿಬಿಟ್ಟ ಕೆಲಸಕ್ಕೆ ನಂತರ ಸೂಚನೆ ಜೋಡಿಸಲು ನೆರವಾಗುತ್ತದೆ. ಕೆಲಸ ಹಚ್ಚಿ ಅರ್ಧ ಗಂಟೆಯ ಮೇಲೆ ಹೊರಗೆ ಹೋಗಬೇಕಾಗಿ ಬಂದಾಗ ಇದರ ಉಪಕಾರ ಬಹಳ. ಆದರೆ ಬೇರೆಡೆ ಹುಟ್ಟಿದ ಪ್ರಕ್ರಿಯೆ ಯಾವ ಸಂಖ್ಯೆಯೊಂದಿಗೆ ಮುಗಿಯಿತೆಂದು ಅದಕ್ಕೆ ತಿಳಿಯಲು ಸಾಧ್ಯವಿಲ್ಲ. ಅದು ಹೇಳುವುದು ನಿಂತಿತು ಎಂಬುದನ್ನು ಮಾತ್ರ.

ಸೂಚನೆಗಳಿಗೆ 1ರಿಂದ 5ರವರೆಗೆ ಆದ್ಯತೆ ಕೊಡುವ ವ್ಯವಸ್ಥೆ ಈ ಸೇವೆಯ ಅತ್ಯಂತ ವಿವೇಕದ ಭಾಗವೆಂದು ನನಗೆ ಅನಿಸುತ್ತದೆ. 2 ಎಂದರೆ ಸದ್ದೂ ಇಲ್ಲ, ಕಂಪನವೂ ಇಲ್ಲ. ಪರದೆಯನ್ನು ಕೆಳಗೆಳೆದು ನೋಡಿದಾಗ ಮಾತ್ರ ಕಾಣುತ್ತದೆ. 5 ಎಂದರೆ ದೀರ್ಘ ಕಂಪನದೊಂದಿಗೆ ಗಮನ ಸೆಳೆಯುತ್ತದೆ. ಗೆದ್ದ ಕೆಲಸದ ಸುದ್ದಿ ರಾತ್ರಿ ಎರಡು ಗಂಟೆಗೆ ಯಾರ ನಿದ್ದೆಯನ್ನೂ ಕೆಡಿಸಬೇಕಾಗಿಲ್ಲ, ಅದು ಬೆಳಿಗ್ಗೆಯವರೆಗೆ ಕಾಯಬಲ್ಲದು. ಸೋತ ಕೆಲಸದ ಸುದ್ದಿ ಕಾಯಲಾರದು. ಈ ಭೇದವನ್ನು ಮಾಡದೆ ಎಲ್ಲಕ್ಕೂ ಒಂದೇ ಸದ್ದು ಇಟ್ಟವರು ಕೆಲವೇ ದಿನಗಳಲ್ಲಿ ಆ ಸದ್ದನ್ನೇ ಅಡಗಿಸಿಬಿಡುತ್ತಾರೆ, ಅಲ್ಲಿಗೆ ಇಡೀ ಏರ್ಪಾಡು ನಿಷ್ಪ್ರಯೋಜಕವಾಗುತ್ತದೆ.

ಕನ್ನಡದಲ್ಲಿ ಸಂದೇಶ ಕಳಿಸಬಹುದೇ ಎಂದು ಕೇಳುವವರಿಗೆ, ನಿಸ್ಸಂದೇಹವಾಗಿ ಕಳಿಸಬಹುದು ಎಂದು ಸಂತೋಷದಿಂದ ಹೇಳುತ್ತೇನೆ. ನಮ್ಮ ಕಚೇರಿಯ ಸೂಚನೆಗಳೆಲ್ಲ ಕನ್ನಡದಲ್ಲೇ ಇವೆ, ಏಕೆಂದರೆ ಅವುಗಳನ್ನು ಓದುವವರಲ್ಲಿ ಹೊಲಕ್ಕೆ ಹೋಗಿ ಡ್ರೋನ್ ಹಾರಿಸುವ ಹುಡುಗರೂ ಇದ್ದಾರೆ. ‘ಹೊನ್ನಾಳಿ ತೋಟ: ಬಿಂದುಮೋಡ ಮುಗಿಯಿತು’ ಎಂದು ಮೂಡಿದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಸಂದೇಶದ ಒಡಲಿನಲ್ಲಿ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಕ್ರಮ) ಪಠ್ಯ ಯಾವ ತಕರಾರೂ ಇಲ್ಲದೆ ಸಾಗುತ್ತದೆ. ಶೀರ್ಷಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಶೀರ್ಷಿಕೆ ಎಚ್‌ಟಿಟಿಪಿ ಹೆಡರ್ ಆಗಿ, ಅಂದರೆ ಒಡಲಿಗಿಂತ ಮೊದಲು ಹೋಗುವ ವಿವರಗಳ ಸಾಲಾಗಿ ಹೋಗುತ್ತದೆ. ಎನ್‌ಟಿಎಫ್‌ವೈ ಸರ್ವರ್ ಅಲ್ಲಿಯೂ ಕನ್ನಡವನ್ನು ಒಪ್ಪುತ್ತದೆಯಾದರೂ, ಕಳಿಸುವ ಕಡೆಯ ಕೆಲವು ಸಿದ್ಧ ಪ್ರೋಗ್ರಾಂ ಸಂಗ್ರಹಗಳು (ಲೈಬ್ರರಿ), ಉದಾಹರಣೆಗೆ ಪೈಥಾನಿನ ರಿಕ್ವೆಸ್ಟ್ಸ್, ಹೆಡರಿನಲ್ಲಿ ಲ್ಯಾಟಿನ್ ಅಕ್ಷರಗಳನ್ನೇ ನಿರೀಕ್ಷಿಸುತ್ತವೆ ಮತ್ತು ಕನ್ನಡ ಕಂಡೊಡನೆ ದೋಷ ತೋರಿಸುತ್ತವೆ. ಅದಕ್ಕೆ ಪರಿಹಾರವಾಗಿ ಶೀರ್ಷಿಕೆ, ಒಡಲು, ಆದ್ಯತೆ ಎಲ್ಲವನ್ನೂ ಜೇಸನ್ ಎಂಬ ಪಠ್ಯರೂಪದಲ್ಲಿ ಒಟ್ಟಿಗೆ ಕಳಿಸುವ ದಾರಿಯನ್ನು ಸೇವೆಯೇ ಕೊಟ್ಟಿದೆ, ನಾವು ಅದನ್ನೇ ಅನುಸರಿಸುತ್ತೇವೆ. ವಿಂಡೋಸಿನ ಹಳೆಯ ಕಮಾಂಡ್ ಕಿಟಕಿಯಿಂದ ಕಳಿಸುವವರು ಮೊದಲು ಅದರ ಕೋಡ್‌ಪೇಜನ್ನು (ಅಕ್ಷರಗಳನ್ನು ಬರೆಯುವ ಕ್ರಮದ ಸಂಖ್ಯೆ) ಯುಟಿಎಫ್-8ರದಾದ 65001ಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು.

ಉದ್ದದ ಮಿತಿಯೂ ಕನ್ನಡಿಗರಿಗೆ ಬೇರೆಯಾಗಿಯೇ ತಟ್ಟುತ್ತದೆ. ಒಂದು ಸಂದೇಶ 4096 ಬೈಟ್‌ಗಳನ್ನು ಮೀರಿದರೆ ಅದು ಲಗತ್ತಿಸಿದ ಕಡತವಾಗಿ ಮಾರ್ಪಡುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು; ವ್ಯಂಜನ, ಒತ್ತಿನ ಗುರುತು, ಸ್ವರದ ಗುರುತು ಒಂದೊಂದೂ ಒಂದು ಸಂಕೇತವೇ. ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಆರು ಸಂಕೇತಗಳಿರುವುದರಿಂದ ಅದೊಂದೇ 18 ಬೈಟ್ ಹಿಡಿಯುತ್ತದೆ. ಹಾಗಿದ್ದರೂ ಕೆಲಸ ಮುಗಿದ ಸುದ್ದಿಗೆ ಈ ಜಾಗ ಧಾರಾಳವಾಯಿತು. ಸೋತಾಗ ಲಾಗ್ ಕಡತದ ಕೊನೆಯ ಕೆಲವು ಸಾಲುಗಳನ್ನೂ ಸೇರಿಸಿ ಕಳಿಸುವ ಅಭ್ಯಾಸ ನಮ್ಮದು, ಅದಕ್ಕೂ ಈ ಮಿತಿ ಅಡ್ಡಿಯಾಗಿಲ್ಲ. ಟಾಪಿಕ್ ಹೆಸರಿನಲ್ಲಿ ಮಾತ್ರ ಕನ್ನಡಕ್ಕೆ ಅವಕಾಶವಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಅಡಿಗೆರೆಗಳು ಮಾತ್ರ, ಅದೂ 64ರೊಳಗೆ.

ಆ ಟಾಪಿಕ್ ಹೆಸರಿನ ಬಗ್ಗೆ ಗಂಭೀರವಾಗಿ ಹೇಳಬೇಕಾದ ಮಾತೊಂದಿದೆ. ಉಚಿತ ಸರ್ವರಿನಲ್ಲಿ ಕಾಯ್ದಿರಿಸದ ಟಾಪಿಕ್‌ಗೆ ಗುಪ್ತಪದವಿಲ್ಲ. ಹೆಸರು ತಿಳಿದ ಯಾರು ಬೇಕಾದರೂ ನಿಮ್ಮ ಸೂಚನೆಗಳನ್ನು ಓದಬಹುದು, ನಿಮಗೆ ಸುಳ್ಳು ಸೂಚನೆಯನ್ನೂ ಕಳಿಸಬಹುದು. ಮನೆಗೆ ಬೀಗ ಹಾಕದೆ, ವಿಳಾಸ ಯಾರಿಗೂ ಗೊತ್ತಿಲ್ಲವೆಂಬ ಒಂದೇ ಭರವಸೆಯ ಮೇಲೆ ಊರಿಗೆ ಹೋದಂತೆ ಇದು. ಊರಿನ ಹೆಸರು, ಕಾಲೇಜಿನ ಹೆಸರು, ‘ಟೆಸ್ಟ್’ ಮುಂತಾದ ಊಹೆಗೆ ಸಿಗುವ ಪದಗಳನ್ನು ಟಾಪಿಕ್ ಆಗಿ ಇಡಲೇಬಾರದು. ಕಂಪ್ಯೂಟರಿನಿಂದಲೇ ಯಾದೃಚ್ಛಿಕವಾಗಿ ಹುಟ್ಟಿಸಿದ ಉದ್ದನೆಯ ಅಕ್ಷರಮಾಲೆಯನ್ನು ಇಡಬೇಕು. ಸಂದೇಶಗಳು ದಾರಿಯಲ್ಲಿ ಎಚ್‌ಟಿಟಿಪಿಎಸ್ ರಕ್ಷಣೆಯಲ್ಲಿ ಸಾಗುತ್ತವೆಯಾದರೂ ಸರ್ವರಿನಲ್ಲಿ ಓದಬಹುದಾದ ರೂಪದಲ್ಲೇ ಇರುತ್ತವೆ, ಆದ್ದರಿಂದ ಸಂದೇಶದಲ್ಲಿ ಏನು ಬರೆಯುತ್ತೇವೆ ಎಂಬ ಸಂಯಮವೂ ಅಗತ್ಯ. ಜಮೀನಿನ ಸರ್ವೆ ನಂಬರ್, ಮಾಲೀಕರ ಹೆಸರು, ಫೋನ್ ಸಂಖ್ಯೆ, ಇವು ಯಾವುವೂ ನಮ್ಮ ಸೂಚನೆಗಳಲ್ಲಿ ಇರುವುದಿಲ್ಲ. ಗ್ರಾಮದ ಹೆಸರು ಅಥವಾ ಒಳಗಿನವರಿಗೆ ಅರ್ಥವಾಗುವ ಒಂದು ಗುರುತು ಸಾಕು. ಹಣ ಕೊಟ್ಟು ಚಂದಾದಾರರಾದರೆ ಟಾಪಿಕ್ ಹೆಸರನ್ನು ತಮಗೇ ಕಾಯ್ದಿರಿಸಿಕೊಂಡು ಬೇರೆಯವರ ಪ್ರವೇಶವನ್ನು ತಡೆಯಬಹುದು. ಆಸ್ತಿಯ ವ್ಯಾಜ್ಯಗಳು ಸಾಮಾನ್ಯವಾಗಿರುವ ನಮ್ಮ ಕಡೆ ಜಮೀನಿನ ಮಾಹಿತಿ ಎಂದರೆ ಸಣ್ಣ ವಿಷಯವಲ್ಲ, ಇದನ್ನು ಬಳಸುವ ಸರ್ವೆ ಕಚೇರಿಗಳೆಲ್ಲ ಈ ಅಂಶವನ್ನು ಮನಸ್ಸಿನಲ್ಲಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮೊಬೈಲಿನ ಕಡೆಯ ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಆ್ಯಂಡ್ರಾಯ್ಡ್ ಆ್ಯಪ್ ಪ್ಲೇ ಸ್ಟೋರಿನಲ್ಲಿಯೂ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಮಳಿಗೆಯಲ್ಲಿಯೂ ಸಿಗುತ್ತದೆ. ಪ್ಲೇ ಸ್ಟೋರಿನದು ಗೂಗಲ್‌ನ ಫೈರ್‌ಬೇಸ್ ಎಂಬ ಸೇವೆಯ ಮೂಲಕ ಸಂದೇಶ ಪಡೆಯುತ್ತದೆ, ಎಫ್-ಡ್ರಾಯ್ಡ್‌ನದು ಸರ್ವರಿನೊಂದಿಗೆ ತಾನೇ ಸದಾ ಸಂಪರ್ಕ ಇಟ್ಟುಕೊಳ್ಳುತ್ತದೆ. ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುವ ಫೋನುಗಳಲ್ಲಿ, ಈ ಆ್ಯಪ್‌ಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಡದೆ ಸೂಚನೆ ಸಕಾಲಕ್ಕೆ ಬರುತ್ತದೆಂದು ಭಾವಿಸುವಂತಿಲ್ಲ. ಐಫೋನ್ ಆ್ಯಪ್ ಕೂಡ ಇದೆ, ಆದರೆ ಆ್ಯಂಡ್ರಾಯ್ಡ್‌ನಲ್ಲಿರುವಷ್ಟು ಸೌಲಭ್ಯಗಳು ಅದರಲ್ಲಿಲ್ಲ.

ಈಗ ಆರಂಭದಲ್ಲಿ ಹೇಳಿದ ಉಳಿದರ್ಧ ಸುದ್ದಿಗೆ ಬರುತ್ತೇನೆ. ಮೇಲೆ ವಿವರಿಸಿದ ಎಲ್ಲ ಏರ್ಪಾಡಿನಲ್ಲೂ ಸೂಚನೆ ಕಳಿಸಬೇಕಾದದ್ದು ಕೆಲಸ ನಡೆಯುತ್ತಿರುವ ಯಂತ್ರವೇ. ಆ ಯಂತ್ರವೇ ಆರಿಹೋದರೆ ಕಳಿಸುವವರು ಯಾರು? ದಾವಣಗೆರೆಯಲ್ಲಿ ಬೇಸಿಗೆಯ ಸಂಜೆ ಗುಡುಗು ಸಹಿತ ಮಳೆ ಬಂದಾಗ ಕರೆಂಟು ಹೋಗುವುದು ಹೊಸದೇನಲ್ಲ. ಯುಪಿಎಸ್ ಇದ್ದರೂ ಅದು ಪೂರ್ಣ ವೇಗದಲ್ಲಿ ಓಡುವ ಯಂತ್ರವನ್ನು ಗಂಟೆಗಟ್ಟಲೆ ಹಿಡಿದಿಡಲಾರದು. ಸ್ಕ್ರಿಪ್ಟ್ ಹೇಗೆಯೇ ಮುಗಿದರೂ ಸೂಚನೆ ಕಳಿಸುವಂತೆ ಬ್ಯಾಶ್‌ನಲ್ಲಿ ‘ಟ್ರ್ಯಾಪ್’ ಹಾಕಿಡಬಹುದು, ಆದರೆ ವಿದ್ಯುತ್ ಹೋದಾಗ ಆಗಲಿ, ಒಂಬತ್ತನೆಯ ಸಂಕೇತದಿಂದ ಸ್ಕ್ರಿಪ್ಟನ್ನೇ ಕೊಂದಾಗ ಆಗಲಿ ಆ ಟ್ರ್ಯಾಪ್ ನಡೆಯುವುದಿಲ್ಲ. ಇನ್ನೊಂದು ಸನ್ನಿವೇಶ ಇದಕ್ಕಿಂತಲೂ ಸಾಮಾನ್ಯ: ಯಂತ್ರ ಯುಪಿಎಸ್ ಮೇಲಿದೆ, ಇಂಟರ್ನೆಟ್ಟಿನ ರೂಟರ್ ಗೋಡೆಯ ಪ್ಲಗ್ಗಿನಲ್ಲಿದೆ. ಕೆಲಸ ಮುಗಿಯುತ್ತದೆ, ಸೂಚನೆ ಹೊರಡುತ್ತದೆ, ಹೋಗಲು ದಾರಿಯಿಲ್ಲ. ರೂಟರನ್ನೂ ಯುಪಿಎಸ್‌ಗೆ ಜೋಡಿಸುವುದು ಮತ್ತು ಕರ್ಲ್‌ನಲ್ಲಿ ಸೋತರೆ ಮತ್ತೆ ಮತ್ತೆ ಪ್ರಯತ್ನಿಸುವ ಆಯ್ಕೆ ಹಾಗೂ ಗರಿಷ್ಠ ಕಾಲಮಿತಿಯ ಆಯ್ಕೆ ಎರಡನ್ನೂ ಹಾಕುವುದು ಇದಕ್ಕೆ ಭಾಗಶಃ ಪರಿಹಾರ. ಪೂರ್ಣ ಪರಿಹಾರಕ್ಕೆ ಯೋಚನೆಯ ದಿಕ್ಕನ್ನೇ ತಿರುಗಿಸಬೇಕು. ಸುದ್ದಿ ಬರದಿರುವುದನ್ನೇ ಸುದ್ದಿಯೆಂದು ಪರಿಗಣಿಸುವ ಒಬ್ಬ ಕಾವಲುಗಾರ ಬೇಕು, ಆ ಕಾವಲುಗಾರ ನಮ್ಮ ಕಟ್ಟಡದ ಹೊರಗಿರಬೇಕು.

ಆ ಕೆಲಸಕ್ಕೆ ನಾವು ಬಳಸುವುದು ಹೆಲ್ತ್‌ಚೆಕ್ಸ್ ಡಾಟ್ ಐಒ ಎಂಬ ಸೇವೆಯನ್ನು. ಲಾಟ್ವಿಯಾದ ಪೇಟೆರಿಸ್ ತ್ಸೌನೆ ಎಂಬವರು ನಡೆಸುವ ಇದೂ ಮುಕ್ತ ತಂತ್ರಾಂಶವೇ, ಉಚಿತ ಖಾತೆಯಲ್ಲಿ 20 ಕೆಲಸಗಳನ್ನು ಕಾಯುತ್ತದೆ. ಪ್ರತಿ ಕೆಲಸಕ್ಕೂ ಅದು ಒಂದು ವಿಶಿಷ್ಟ ವಿಳಾಸ ಕೊಡುತ್ತದೆ. ಕೆಲಸ ಆರಂಭವಾದಾಗ ನಮ್ಮ ಸ್ಕ್ರಿಪ್ಟ್ ಆ ವಿಳಾಸಕ್ಕೆ ‘ಆರಂಭ’ ಎಂಬ ಸಂಕೇತ ಕಳಿಸುತ್ತದೆ, ಮುಗಿದಾಗ ಕೊನೆಯ ಸಂಖ್ಯೆಯನ್ನೇ ವಿಳಾಸದ ತುದಿಗೆ ಸೇರಿಸಿ ಮತ್ತೊಂದು ಸಂಕೇತ ಕಳಿಸುತ್ತದೆ. ಸೊನ್ನೆ ಬಂದರೆ ಗೆಲುವು, ಬೇರೆ ಬಂದರೆ ಸೋಲು. ನಾವು ಕೊಟ್ಟ ಗಡುವಿನೊಳಗೆ ಏನೂ ಬಾರದೇ ಹೋದರೆ ಏನೋ ಅನಾಹುತವಾಗಿದೆಯೆಂದು ಅದೇ ತೀರ್ಮಾನಿಸಿ ಎಚ್ಚರಿಕೆ ಕಳಿಸುತ್ತದೆ. ಆ ಎಚ್ಚರಿಕೆಯನ್ನು ಎನ್‌ಟಿಎಫ್‌ವೈ ಮೂಲಕವೇ ಮೊಬೈಲಿಗೆ ತಲುಪಿಸುವ ಜೋಡಣೆಯೂ ಸಿದ್ಧವಾಗಿದೆ. ಹಾಗಾಗಿ ಹೊಲದಲ್ಲಿರುವ ಹುಡುಗರು ಇನ್ನೊಂದು ಆ್ಯಪ್ ನೋಡಬೇಕಾಗಿಲ್ಲ. ಗಡುವನ್ನು ನಿರ್ಧರಿಸುವುದು ಮಾತ್ರ ಅನುಭವದ ಮಾತು: ಚಿತ್ರಗಳ ಸಂಖ್ಯೆ ನೋಡಿ ಅಂದಾಜಿಸಿದ ಅವಧಿಗಿಂತ ಸಾಕಷ್ಟು ಹೆಚ್ಚಾಗಿ ಇಡಬೇಕು, ಆದರೆ ಎಚ್ಚರಿಕೆ ಬಂದಾಗ ಏನಾದರೂ ಮಾಡಲು ಸಮಯ ಉಳಿದಿರುವಷ್ಟು ಕಡಿಮೆ ಇರಬೇಕು. ಅಡಿಕೆ ತೋಟಕ್ಕೂ ಮೆಕ್ಕೆಜೋಳದ ಹೊಲಕ್ಕೂ ಬೇರೆ ಬೇರೆ ಗಡುವು ಇಟ್ಟಿರುವುದು ಈ ಕಾರಣಕ್ಕೆ. ಈ ಸೇವೆ ಮೂಲತಃ ಪ್ರತಿದಿನ ತಪ್ಪದೆ ನಡೆಯುವ ಬ್ಯಾಕಪ್‌ನಂಥ ಕೆಲಸಗಳಿಗಾಗಿ ರೂಪುಗೊಂಡದ್ದು. ಬಂದಾಗ ಮಾತ್ರ ಬರುವ ನಮ್ಮಂಥ ಕೆಲಸಗಳಿಗೆ ಮರುಕಳಿಕೆಯ ಅವಧಿಯನ್ನು ತುಂಬ ದೀರ್ಘವಾಗಿ ಇಡಬೇಕು ಅಥವಾ ಕೆಲಸವಿಲ್ಲದ ದಿನಗಳಲ್ಲಿ ಕಾವಲನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಈ ಚಿಕ್ಕ ಕಿರಿಕಿರಿಯನ್ನು ಬಿಟ್ಟರೆ ಅದರಲ್ಲಿ ದೂರಲು ನನಗೆ ಏನೂ ಕಾಣುವುದಿಲ್ಲ.

ಎನ್‌ಟಿಎಫ್‌ವೈ ಸರ್ವರನ್ನು ಸ್ವಂತ ಯಂತ್ರದಲ್ಲಿ ನಡೆಸುವ ಆಯ್ಕೆಯನ್ನು ಹಲವರು ಹೊಗಳುತ್ತಾರೆ. ಗುಪ್ತಪದ, ಬಳಕೆದಾರರ ಹಕ್ಕು ಎಲ್ಲವೂ ನಮ್ಮ ಕೈಯಲ್ಲಿರುತ್ತವೆ ಎಂಬುದು ನಿಜ. ಆದರೆ ಅದನ್ನು ಕಚೇರಿಯೊಳಗಿನ ಹಳೆಯ ಕಂಪ್ಯೂಟರಿನಲ್ಲಿ ಇಟ್ಟರೆ, ಕರೆಂಟು ಹೋದಾಗ ಕೆಲಸದ ಯಂತ್ರ, ರೂಟರ್ ಮತ್ತು ಸೂಚನೆ ಹಂಚಬೇಕಾದ ಸರ್ವರ್ ಮೂರೂ ಒಟ್ಟಿಗೆ ಮೌನವಾಗುತ್ತವೆ. ಸ್ವಂತ ಸರ್ವರ್ ಬೇಕೆನ್ನುವವರು ಹೊರಗಿನ ದತ್ತಾಂಶ ಕೇಂದ್ರವೊಂದರಲ್ಲಿ ಬಾಡಿಗೆಗೆ ಜಾಗ ಪಡೆದು ನಡೆಸುವುದೇ ಸರಿ.

ಪರ್ಯಾಯಗಳನ್ನೂ ನೋಡಿದ್ದೇನೆ. ಟೆಲಿಗ್ರಾಂ ಬಾಟ್ ಒಳ್ಳೆಯ ಆಯ್ಕೆ. ಬಾಟ್‌ಫಾದರ್ ಎಂಬ ಖಾತೆಯ ಮೂಲಕ ಕೀಲಿ ಪಡೆದು ಸಂದೇಶ ಕಳಿಸಬಹುದು, ಇಡೀ ತಂಡ ಈಗಾಗಲೇ ಟೆಲಿಗ್ರಾಂನಲ್ಲಿದ್ದರೆ ಬೇರೆ ಆ್ಯಪ್ ಬೇಕಾಗುವುದಿಲ್ಲ. ಆದರೆ ಮಾತುಕತೆಗಳ ರಾಶಿಯ ನಡುವೆ ಸೋಲಿನ ಸೂಚನೆ ಕಣ್ಣುತಪ್ಪುವ ಭಯವಿದೆ. ಪುಶ್‌ಓವರ್ 30 ದಿನಗಳ ಪರೀಕ್ಷಾ ಅವಧಿಯ ನಂತರ ಒಮ್ಮೆ ಹಣ ಕೊಟ್ಟು ಬಳಸಬೇಕಾದ ಸೇವೆ. ನೋಡಿದೆನೆಂದು ಒತ್ತುವವರೆಗೂ ಮತ್ತೆ ಮತ್ತೆ ಕೂಗುವ ತುರ್ತು ಆದ್ಯತೆ ಅದರಲ್ಲಿದೆ. ರಾತ್ರಿ ಎದ್ದು ಕೆಲಸ ಸರಿಪಡಿಸಲೇಬೇಕಾದ ಹೊಣೆ ಇರುವವರಿಗೆ ಆ ಗುಣ ಬಹಳ ಉಪಯುಕ್ತ. ಇಮೇಲ್ ತಲುಪುತ್ತದೆ, ಆದರೆ ಯಾರೂ ಅದನ್ನು ಕೂಡಲೇ ನೋಡುವುದಿಲ್ಲ. ಎಸ್‌ಎಂಎಸ್ ಕಳಿಸುವುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕಾಗಿರುವುದರಿಂದ ಸಣ್ಣ ಕಚೇರಿಗೆ ಅದು ಹೊಂದುವುದಿಲ್ಲ.

ಮದುವೆಯ ವಿಡಿಯೊ ಮಾಡುವ ಸ್ಟುಡಿಯೊದವರು ಇದು ತಮಗೂ ಆಗುತ್ತದೆಯೇ ಎಂದು ವಿಚಾರಿಸಿದ್ದಾರೆ. ಮದುವೆಯ ಹಂಗಾಮಿನಲ್ಲಿ ಅವರ ಯಂತ್ರಗಳೂ ರಾತ್ರಿಯೆಲ್ಲ ಓಡುತ್ತವೆ, ಅವರ ಕಷ್ಟ ನಮ್ಮದಕ್ಕಿಂತ ಬೇರೆಯಲ್ಲ. ಎಫ್‌ಎಫ್‌ಎಂಪೆಗ್‌ನಂತೆ ಆಜ್ಞೆಯ ಮೂಲಕ ನಡೆಯುವ ವಿಡಿಯೊ ಪರಿವರ್ತನೆಗಳಿಗೆ, ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರರಚನೆಯ ತಂತ್ರಾಂಶದ ಆಜ್ಞಾರೂಪದ ರೆಂಡರಿಂಗ್‌ಗೆ ಇದು ನೇರವಾಗಿ ಹೊಂದುತ್ತದೆ. ವಿಂಡೋಸಿನ ಪವರ್‌ಶೆಲ್‌ನಿಂದಲೂ ಸೂಚನೆ ಕಳಿಸಬಹುದು. ಗುಂಡಿ ಒತ್ತಿ ರೆಂಡರ್ ಆರಂಭಿಸುವ ಸಂಪಾದನಾ ತಂತ್ರಾಂಶಗಳಲ್ಲಿ, ಮುಗಿದ ಮೇಲೆ ನಮ್ಮ ಆಜ್ಞೆಯನ್ನು ನಡೆಸುವ ಜಾಗ ಇಲ್ಲದಿದ್ದರೆ, ಹೊರಬರುವ ಕಡತದ ಗಾತ್ರ ಕೆಲವು ನಿಮಿಷ ಬದಲಾಗದೆ ನಿಂತಿತೇ ಎಂದು ನೋಡುವ ಸ್ಕ್ರಿಪ್ಟ್ ಬರೆಯಬೇಕಾಗುತ್ತದೆ. ಗಾತ್ರ ನಿಂತದ್ದು ಮುಗಿದದ್ದಕ್ಕೋ ಕೆಟ್ಟದ್ದಕ್ಕೋ ಎಂಬುದು ಆ ಸ್ಕ್ರಿಪ್ಟಿಗೆ ತಿಳಿಯುವುದಿಲ್ಲ. ಆದ್ದರಿಂದ ಅವರಿಗೆ ನಾನು ಹೇಳುವುದು, ಅಂಥ ಸೂಚನೆಯ ಒಕ್ಕಣೆಯಲ್ಲಿ ‘ಮುಗಿಯಿತು’ ಎಂದು ಬರೆಯದೆ ‘ನಿಂತಿದೆ, ಬಂದು ನೋಡಿ’ ಎಂದೇ ಬರೆದುಕೊಳ್ಳಿ ಎಂದು.